ಇನ್ನೊಂದು ಮೂತ್ರಪಿಂಡ

ಆಡಿನ ಎಡ ಮೂತ್ರಪಿಂಡದ ಕೆಳತುದಿಯನ್ನು ಹೆಪ್ಪುಗಟ್ಟಿಸಿ ಕೊಲ್ಲಬೇಕು. ಉಳಿದ ಭಾಗ ಏನೂ ಆಗದಂತೆ ಬದುಕಬೇಕು. ನನಗೆ ಒಪ್ಪಿಸಿದ್ದ ಕೆಲಸ ಇಷ್ಟೇ. ಕಾಗದದ ಮೇಲೆ ಅದು ಅರ್ಧ ಪುಟವನ್ನೂ ತುಂಬುತ್ತಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಚಿಂಚೋಳಿ ಕಡೆಯ ಪಶುವೈದ್ಯ. ಸರ್ಕಾರಿ ಕೆಲಸದಿಂದ ಎರಡು ವರ್ಷದ ಅಧ್ಯಯನ ರಜೆ ಪಡೆದು ಶಸ್ತ್ರಚಿಕಿತ್ಸೆಯಲ್ಲಿ ಮೇಲಿನ ಪದವಿಗೆ ಸೇರಿದ್ದೆ. ಪ್ರಯೋಗದ ಕೆಲಸಕ್ಕೆ ನನ್ನನ್ನು ಶಹಾಬಾದಿಗೆ ಕಳಿಸಿದರು. ಅಲ್ಲಿನ ಆಸ್ಪತ್ರೆಯೊಂದರ ಸರ್ಜನ್‌ಗೆ ಈ ವಿಷಯದ ಬಗ್ಗೆ ಹಟದಂತಹ ಆಸಕ್ತಿಯಿತ್ತು. ಮನುಷ್ಯರ ವೈದ್ಯರಾದರೂ ನನ್ನ ಪ್ರಬಂಧಕ್ಕೆ ಅವರೇ ಸಹ ಮಾರ್ಗದರ್ಶಕರು. ಪ್ರತಿ ಅಧ್ಯಾಯದ ಕೆಳಗೆ ಅವರ ಸಹಿ ಬೇಕು. ಪದವಿಯಿಲ್ಲದೆ ಮರಳಿದರೆ ಸೇವಾ ಹಿರಿತನ ಕಳೆದುಕೊಳ್ಳುತ್ತೇನೆಂದು ನಾನೇ ಮುಚ್ಚಳಿಕೆ ಬರೆದುಕೊಟ್ಟಿದ್ದೆ. ಹೀಗಾಗಿ ಅಲ್ಲಿಂದ ಹೊರಬೀಳಲು ನನಗಿದ್ದದ್ದು ಒಂದೇ ದಾರಿ, ಆ ಸಹಿ.

ಸರ್ಜನ್ ಅವರ ವಾದ ಸರಳವಾಗಿತ್ತು. ಒಂದೇ ಮೂತ್ರಪಿಂಡ ಉಳಿದವರಿಗೆ ಅದರಲ್ಲೇ ಗಡ್ಡೆ ಬೆಳೆದರೆ ಏನು ಮಾಡುವುದು? ಪೂರ್ತಿ ತೆಗೆದರೆ ರೋಗಿ ಉಳಿಯುವುದಿಲ್ಲ. ಸ್ವಲ್ಪ ಕತ್ತರಿಸೋಣವೆಂದರೆ ಅದು ರಕ್ತ ತುಂಬಿದ ಸ್ಪಂಜು. ಆದರೆ ದ್ರವ ನೈಟ್ರೋಜನ್ನಿನಿಂದ ಗಡ್ಡೆಯಿರುವ ತುದಿಯನ್ನಷ್ಟೇ ಹೆಪ್ಪುಗಟ್ಟಿಸಿದರೆ ಒಂದು ಹನಿ ರಕ್ತವಿಲ್ಲದೆ ಅದು ಅಲ್ಲೇ ಸಾಯುತ್ತದೆ. ದೇಹ ಅದನ್ನು ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಅದನ್ನು ಆಡುಗಳಲ್ಲಿ ತೋರಿಸಿಕೊಡುವುದು ನನ್ನ ಪಾಲಿಗೆ ಬಂದಿತ್ತು.

ಭಂಕೂರಿನ ದಾರಿಯಲ್ಲಿ, ಕೈಬಿಟ್ಟ ಗಣಿಯೊಂದರ ಪಕ್ಕದ ಗೋದಾಮನ್ನು ಬಿಟ್ಟುಕೊಟ್ಟರು. ನೆಲ, ಗೋಡೆ, ಮಾಡು ಎಲ್ಲವೂ ಹಾಸುಗಲ್ಲು. ಬೆಳಗಿನ ಹತ್ತಕ್ಕೇ ಮಾಡು ಕಾದು ಒಳಗೆ ಉಸಿರು ಕಟ್ಟುತ್ತಿತ್ತು. ಅತ್ತ ಹದಿನಾಲ್ಕು ಆಡು, ಇತ್ತ ನಾನು, ನಡುವೆ ಆಪರೇಷನ್ ಮೇಜು. ಆಡುಗಳನ್ನು ನೋಡಿಕೊಳ್ಳಲು ಭಂಕೂರಿನ ಒಬ್ಬ ಹೆಂಗಸನ್ನು ನೇಮಿಸಿದ್ದರು. ಐವತ್ತರ ಹತ್ತಿರದ ವಯಸ್ಸು. ಜೀವನವೆಲ್ಲ ಆಡು ಕಾಯ್ದವಳು. ನಾನು ಅಕ್ಕ ಎಂದು ಕರೆಯುತ್ತಿದ್ದೆ.

ಮೆಲುಕು ಹಾಕುವ ಪ್ರಾಣಿಗೆ ಅರಿವಳಿಕೆ ಕೊಡುವ ಮೊದಲು ಒಂದೂವರೆ ದಿನ ಮೇವು ನಿಲ್ಲಿಸಬೇಕು. ಇಲ್ಲದಿದ್ದರೆ ಹೊಟ್ಟೆಯ ಮೇವು ಗಂಟಲಿಗೆ ಉಕ್ಕಿ ಶ್ವಾಸಕೋಶ ಸೇರುತ್ತದೆ. ಇದನ್ನು ಅಕ್ಕನಿಗೆ ಎರಡು ಸಲ ಹೇಳಿದ್ದೆ. ಆದರೂ ಮೊದಲ ಆಡು ಮೇಜಿನ ಮೇಲೆ, ನಾವಿನ್ನೂ ಚರ್ಮ ಮುಟ್ಟುವ ಮೊದಲೇ, ಹಸಿರು ನೊರೆ ಕಾರಿ ಸತ್ತಿತು. ನಾಲಿಗೆ ನೀಲಿಯಾದದ್ದನ್ನು ನೋಡುತ್ತ ಸರ್ಜನ್ ಕೈಗವಸು ಕಳಚಿದರು.

"ಹಿಂಗ್ಯಾಕಾತು?"

ಅಕ್ಕ ಬಾಗಿಲ ಬಳಿ ಸೆರಗಿನ ತುದಿ ಹಿಡಿದು ನಿಂತಿದ್ದಳು. ಅವಳ ಮುಖದಲ್ಲೇ ಉತ್ತರವಿತ್ತು.

"ಉಪವಾಸ ಸರಿಯಾಗಿ ಇಡಲಿಲ್ಲ ಸರ್. ನನ್ನ ತಪ್ಪು," ಎಂದೆ.

ಅವರು ಹೋದ ಮೇಲೆ ಅಕ್ಕ ಹತ್ತಿರ ಬಂದಳು. "ನಾನೇ ತಿನಸೀನ್ರಿ. ಎರಡು ಬೊಗಸಿ ತೊಗರಿ ಹೊಟ್ಟು. ನಿನ್ನೆ ಸಂಜಿಕೆ ಭಾಳ ಒದರ್ಲಿಕತ್ತಿತ್ತು. ಹಸದದ ಅಂದ್ಕೊಂಡೆ."

"ಹಸದಿತ್ತು ಅಕ್ಕ. ಹಸಿವಿರಬೇಕು ಅಂತಲೇ ಹೇಳಿದ್ದು."

"ಹಂಗಾದ್ರ ನಾನೇ ಕೊಂದಂಗಾತಲ್ರಿ," ಎಂದಳು. ಅಂದಿನಿಂದ ಉಪವಾಸದ ಆಡನ್ನು ಅವಳು ಬೇರೆ ಕಟ್ಟಿ, ಅದರ ಕೂಗು ಕೇಳಿಸಿಕೊಳ್ಳುತ್ತ ಎದುರಿಗೇ ಕೂತಿರುತ್ತಿದ್ದಳು. ಅದು ಅವಳಿಗೆ ಎಷ್ಟು ಕಷ್ಟವೆಂದು ನನಗೆ ಕಾಣುತ್ತಿತ್ತು. ಆದರೆ ಮತ್ತೆ ಯಾವ ಆಡೂ ಆ ಕಾರಣಕ್ಕೆ ಸಾಯಲಿಲ್ಲ.

ಹೆಪ್ಪುಗಟ್ಟಿಸುವ ಸಾಧನ ನಾವೇ ಮಾಡಿಸಿಕೊಂಡದ್ದು. ತುದಿ ಮುಚ್ಚಿದ ತಾಮ್ರದ ಕೊಳವೆ, ಸುತ್ತ ಥರ್ಮಾಕೋಲ್, ಮೇಲೆ ಒಂದು ಆಲಿಕೆ. ಆಲಿಕೆಗೆ ನೈಟ್ರೋಜನ್ ಸುರಿದರೆ ಕೊಳವೆಯ ತುದಿ ಬಿಳಿಯಾಗುತ್ತದೆ. ಅದನ್ನು ಮೂತ್ರಪಿಂಡಕ್ಕೆ ಒತ್ತಿ ಹಿಡಿದರೆ ಕಣ್ಣೆದುರೇ ಅಲ್ಲೊಂದು ಮಂಜಿನ ಉಂಡೆ ಬೆಳೆಯುತ್ತದೆ. ಬೆರಳಿನಿಂದ ತಟ್ಟಿದರೆ ಕಲ್ಲಿನ ಸದ್ದು. ಎರಡನೇ ಆಡಿನಲ್ಲಿ ಉಂಡೆ ಚೆನ್ನಾಗಿಯೇ ಬೆಳೆಯಿತು. ಆದರೆ ನಾನು ಆತುರದಿಂದ ಕೊಳವೆ ಕಿತ್ತೆ. ಅಂಟಿಕೊಂಡಿದ್ದ ತುಣುಕೊಂದು ಅದರೊಂದಿಗೇ ಬಂತು. ಕ್ಷಣಕಾಲ ಏನೂ ಆಗಲಿಲ್ಲ, ಏಕೆಂದರೆ ರಕ್ತವೂ ಹೆಪ್ಪುಗಟ್ಟಿತ್ತು. ಮಂಜು ಕರಗಿದಂತೆ ಬಿರುಕು ಬಾಯಿಬಿಟ್ಟಿತು. ಆಮೇಲೆ ನಾವು ಒತ್ತಿದ ಬಟ್ಟೆಗಳನ್ನೆಲ್ಲ ತೊಯ್ಯಿಸಿ ಆಡು ಹೋಯಿತು. ಮೂರನೆಯದೂ ಹಾಗೆಯೇ, ಸ್ವಲ್ಪ ನಿಧಾನವಾಗಿ.

ಕೊಳವೆ ತಾನಾಗಿ ಬಿಡುವ ತನಕ ಕಾಯಬೇಕೆಂದು ಮೂರನೆಯದು ಕಲಿಸಿತು. ಬಿಸಿ ನೀರು ಹಾಕಿ ಬಿಡಿಸುವಂತಿಲ್ಲ, ಎಳೆಯುವಂತಿಲ್ಲ. ಆ ಸೆಕೆಯಲ್ಲಿ, ಹಣೆಯ ಬೆವರು ಗಾಯಕ್ಕೆ ಬೀಳದಂತೆ ತಲೆ ಹಿಂದಕ್ಕೆ ಹಿಡಿದು, ಕೈ ಅಲುಗಾಡಿಸದೆ ನಿಲ್ಲಬೇಕು. ಮೂತ್ರಪಿಂಡಕ್ಕೆ ಬರುವ ಬಿಸಿ ರಕ್ತ ಚಳಿಯನ್ನು ಸೋಲಿಸುತ್ತಿದ್ದುದರಿಂದ ರಕ್ತನಾಳವನ್ನು ಆ ಹೊತ್ತಿಗೆ ಕ್ಲಾಂಪಿನಿಂದ ಹಿಡಿದೆವು. ಉಷ್ಣತೆ ಅಳೆಯುವ ಸೂಜಿಯನ್ನು ಮಂಜಿನ ಅಂಚಿನಲ್ಲಿ ಚುಚ್ಚಿ, ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿಯುವವರೆಗೆ ನೋಡುತ್ತಿದ್ದೆವು. ನಾಲ್ಕನೆಯ ಆಡು ಬದುಕಿತು. ಐದು, ಆರು ಕೂಡ ಬದುಕಿದವು.

ನೈಟ್ರೋಜನ್ ಸಿಗುತ್ತಿದ್ದದ್ದು ಹೈದರಾಬಾದಿನಲ್ಲಿ. ಹಾಲಿನ ಕ್ಯಾನಿನಂತಹ ಜೋಡಿ ಗೋಡೆಯ ಪಾತ್ರೆಯಲ್ಲಿ ತುಂಬಿಸಿಕೊಂಡು ಪ್ಯಾಸೆಂಜರ್ ಗಾಡಿಯಲ್ಲಿ ವಾಡಿಗೆ ಬಂದು, ಅಲ್ಲಿ ಗಾಡಿ ಬದಲಿಸಬೇಕು. ಮುಚ್ಚಳವನ್ನು ಬಿಗಿಯುವಂತಿಲ್ಲ, ಬಿಗಿದರೆ ಪಾತ್ರೆ ಸಿಡಿಯುತ್ತದೆ. ಆದ್ದರಿಂದ ದಾರಿಯುದ್ದಕ್ಕೂ ಅದು ಬಿಳಿ ಹೊಗೆಯಾಗಿ ತನ್ನಷ್ಟಕ್ಕೆ ಖಾಲಿಯಾಗುತ್ತಲೇ ಇರುತ್ತಿತ್ತು. ತಂದ ದಿನದಿಂದ ನಮಗೆ ಸಿಗುತ್ತಿದ್ದದ್ದು ಕೆಲವೇ ದಿನ.

ಆ ಮಳೆಗಾಲದಲ್ಲಿ ಸೇಡಂ ಸ್ಟೇಷನ್ನಿನಲ್ಲಿ ನನ್ನ ಗಾಡಿ ನಿಂತಿತು. ಒಂದು ಗಂಟೆ ಕಾದು ಸ್ಟೇಷನ್ ಮಾಸ್ತರರನ್ನು ಕೇಳಿದೆ.

"ಮುಂದ ಲೈನ್ ಬುಡದ ಮಣ್ಣು ಕೊಚ್ಚಿಕೊಂಡು ಹೋಗ್ಯಾದ್ರಿ," ಎಂದರು. "ಯಾವಾಗ ಹೊಂಡ್ತದ ಅಂತ ನನಗೂ ಗೊತ್ತಿಲ್ಲ."

"ರಸ್ತೆ?"

"ಕಾಗಿಣಾ ತುಂಬಿ ಹರೀಲಿಕತ್ತದ. ಯಾ ಕಡಿನೂ ಹೋಗ್ಲಿಕ್ಕೆ ಆಗಂಗಿಲ್ಲ. ಒಳಗ ಬಂದು ಕುಂದ್ರಿ." ಆಮೇಲೆ ಪಾತ್ರೆಯ ಬಾಯಿಂದ ಹರಿಯುತ್ತಿದ್ದ ಹೊಗೆ ನೋಡಿ, "ಅದನ್ನ ಮಾತ್ರ ಜರಾ ಹೊರಗ ಇಡ್ರಿ," ಎಂದರು.

ಎರಡು ದಿನ ಪ್ಲಾಟ್‌ಫಾರ್ಮಿನ ಕಲ್ಲು ಬೆಂಚಿನಲ್ಲಿ ಆ ಪಾತ್ರೆಯ ಪಕ್ಕ ಕೂತೆ. ಒಳಗೆ ಎಷ್ಟಿದೆ ಎಂದು ತಿಳಿಯಲು ಮರದ ಪಟ್ಟಿಯೊಂದನ್ನು ಅದ್ದಿ ತೆಗೆದು ಗಾಳಿಗೆ ಬೀಸಬೇಕು. ಮಂಜು ಕಟ್ಟಿದಷ್ಟು ಎತ್ತರಕ್ಕೆ ನೈಟ್ರೋಜನ್ ಇದೆಯೆಂದು ಅರ್ಥ. ತೆರೆದರೆ ಇನ್ನಷ್ಟು ಆರುತ್ತದೆಂದು ಗೊತ್ತಿದ್ದೂ ಪದೇಪದೇ ಅದ್ದಿ ನೋಡುತ್ತಿದ್ದೆ. ಬಿಳಿ ಗೆರೆ ಪ್ರತಿ ಸಲವೂ ಕೆಳಗಿರುತ್ತಿತ್ತು. ಮಳೆ ನಿಲ್ಲದೆ, ಗಾಡಿ ಚಲಿಸದೆ, ನನ್ನ ಎರಡು ವರ್ಷದ ರಜೆಯೇ ಆ ಪಾತ್ರೆಯಿಂದ ಆರಿಹೋಗುತ್ತಿದೆ ಅನ್ನಿಸಿತು. ಎದ್ದು ಚಿಂಚೋಳಿಯ ಬಸ್ಸು ಹಿಡಿದು ಊರಿಗೆ ಹೋಗಿಬಿಡೋಣ ಎಂದುಕೊಂಡೆ. ಚಿಂಚೋಳಿಗೂ ಬಸ್ಸಿರಲಿಲ್ಲ.

ಶಹಾಬಾದ್ ತಲುಪಿದಾಗ ತಳದಲ್ಲಿ ನಾಲ್ಕು ಬೆರಳಿನಷ್ಟು ಉಳಿದಿತ್ತು. ಅದು ಮುಗಿಯುವ ಮೊದಲು ಎಂದು ಸರ್ಜನ್ ಒಂದೇ ದಿನ ಎರಡು ಆಡು ಮುಗಿಸಿದರು, ಏಳು ಮತ್ತು ಎಂಟು. ಉಷ್ಣತೆಯ ಸೂಜಿ ಚುಚ್ಚಲು ಪುರಸೊತ್ತಾಗಲಿಲ್ಲ. ಉಂಡೆಯ ಗಾತ್ರವನ್ನು ಕಣ್ಣಳತೆಯಲ್ಲೇ ನೋಡಿದೆವು. ಪುಸ್ತಕದಲ್ಲಿ ಸೂಜಿಯ ಅಂಕಣವನ್ನು ಖಾಲಿ ಬಿಟ್ಟೆ.

ಮಳೆ ಮುಗಿಯುವ ಹೊತ್ತಿಗೆ ಹನ್ನೊಂದು ಆಡುಗಳ ಸರಣಿ ಪೂರ್ಣವಾಯಿತು. ಹನ್ನೊಂದೂ ಬದುಕಿದ್ದವು. ಮೇಯುತ್ತಿದ್ದವು, ಹಾಯುತ್ತಿದ್ದವು, ಕಟ್ಟೆಯ ಮೇಲೆ ನೆಗೆಯುತ್ತಿದ್ದವು. ಮೂತ್ರಪಿಂಡ ಕೆಟ್ಟರೆ ರಕ್ತದಲ್ಲಿ ಏರುವ ಯೂರಿಯಾ ಎಲ್ಲದರಲ್ಲೂ ಸರಿಯಾಗಿತ್ತು. ನಾನು ಬರೆದ ಯೋಜನೆಯಂತೆ, ಹೆಪ್ಪುಗಟ್ಟಿಸಿದ ಮೂರು ತಿಂಗಳ ಬಳಿಕ ಒಂದೊಂದನ್ನೇ ಕೊಂದು ಮೂತ್ರಪಿಂಡವನ್ನು ತೆರೆದು ನೋಡಬೇಕಿತ್ತು. ಅಲ್ಲಿಯವರೆಗೆ ಮುಟ್ಟುವಂತಿಲ್ಲ.

ಆ ನಡುವೆ ಸರ್ಜನ್ ನನ್ನನ್ನು ಆಸ್ಪತ್ರೆಗೆ ಕರೆಸಿದರು. ಕಿಟಕಿಯ ಬೆಳಕಿಗೆ ಒಂದು ಎಕ್ಸ್‌ರೇ ಹಿಡಿದಿದ್ದರು.

"ರಾವೂರಿನವನು. ಕಲ್ಲು ಒಡಿಯೋ ಕೆಲಸ. ಹರಳು ಆಗಿ ಎಡದ ಕಿಡ್ನಿ ಹೋದ ವರ್ಷ ಎಲ್ಲೋ ತಗದಾರ. ಈಗ ಬಲಕ್ಕ ನೋಡ್ರಿ, ಕೆಳತುದಿ."

ನಿಂಬೆಹಣ್ಣಿನ ಗಾತ್ರದ ನೆರಳು ಕಾಣಿಸಿತು.

"ಇವಂಗ ನೈಟ್ರೋಜನ್ ಮಾಡೂಣು. ಹದಿನೈದು ದಿನದಾಗ. ಆಸ್ಪತ್ರಿ ಕಮಿಟಿ ಒಪ್ಪಬೇಕು. ಹನ್ನೊಂದೂ ಬದುಕ್ಯಾವ, ರಕ್ತ ಸರಿ ಅದ ಅಂತ ಒಂದು ಪುಟ ಬರದು ಸಹಿ ಮಾಡಿ ಕೊಡ್ರಿ."

"ಸರ್, ಒಳಗ ಇನ್ನೂ ತೆರೆದು ನೋಡಿಲ್ಲ."

"ಮೂರು ತಿಂಗಳ ಅವಂಗಿಲ್ಲ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಮತ್ತ ನಿಮ್ಮ ಅಧ್ಯಾಯಾನೂ ನನ್ನ ಟೇಬಲ್ ಮ್ಯಾಲೆ ಅದ. ಎರಡೂ ಕೂಡೇ ಮುಗಿಸೂಣು."

ಅದು ಬೆದರಿಕೆಯೋ ಉಪಕಾರವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಆ ಪುಟ ಬರೆದೆ. ಅದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಸಹಿ ಮಾಡಿ ಕೊಟ್ಟೆ.

ಹೊರಬರುವಾಗ ವಾರ್ಡಿನ ಮೂಲೆಯ ಮಂಚದಿಂದ ಒಬ್ಬ ಕರೆದ. ನಲವತ್ತರ ಆಸುಪಾಸು, ಅಂಗೈ ತುಂಬ ಸುತ್ತಿಗೆ ಹಿಡಿದ ಜಡ್ಡು. ಪಕ್ಕದಲ್ಲಿ ಹೆಂಡತಿ ರೊಟ್ಟಿಯ ಗಂಟು ಇಟ್ಟುಕೊಂಡು ನೆಲದ ಮೇಲೆ ಕೂತಿದ್ದಳು.

"ಆಡಿನ ಡಾಕ್ಟರ್ ನೀವೇ ಏನ್ರಿ?"

"ಹೌದು."

"ದೊಡ್ಡ ಡಾಕ್ಟರು ಹೇಳ್ಯಾರ. ನಂದು ಒಂದೇ ಗುರ್ದಾ ಉಳದದ, ಅದಕ್ಕ ಬರ್ಫ್ ಹಚ್ಚತಾರಂತ. ನನಗ ಓದಾಕ ಬರಂಗಿಲ್ರಿ. ಒಂದೇ ಮಾತು ಕೇಳ್ತೀನಿ. ನಿಮ್ಮ ಆಡು ಉಳದಾವೇನು?"

"ಉಳದಾವ," ಎಂದೆ.

"ಎಲ್ಲಾ?"

"ಹನ್ನೊಂದೂ."

ಅವನು ಹೆಂಡತಿಯ ಕಡೆ ನೋಡಿ ತಲೆಯಾಡಿಸಿದ. ಅವಳು ರೊಟ್ಟಿಯ ಗಂಟು ಬಿಚ್ಚಿ, ಒಂದು ತುಂಡು ಮುರಿದು ಅವನ ಕೈಗೆ ಕೊಟ್ಟಳು. ಅಷ್ಟು ಹೊತ್ತು ಅವನು ಊಟ ಬೇಡವೆಂದಿದ್ದನೆಂದು ತೋರಿತು.

ಮರುದಿನ ಬೆಳಿಗ್ಗೆ ಗೋದಾಮಿಗೆ ಹೋದಾಗ ಅಕ್ಕ ಎಂಟನೇ ನಂಬರಿನ ಆಡನ್ನು ಬೇರೆ ಕಟ್ಟಿದ್ದಳು.

"ಇದಕ್ಕ ಏನೋ ಆಗ್ಯಾದ್ರಿ."

"ಮೇವು ತಿಂತದಲ್ಲ?"

"ತಿಂತದ. ಉಚ್ಚಿನೂ ಹೊಯ್ತದ. ಆದ್ರ ವಾರ ಆತು, ಎಡಗಡಿಗೆ ಮಲಗಂಗಿಲ್ಲ. ಮಲಗಿದ್ರ ಎದ್ದು ಮಗ್ಗಲು ಬದಲಸ್ತದ. ಕೈ ಇಟ್ಟು ನೋಡ್ರಿ."

ಕೈಯಿಟ್ಟೆ. ಬೆನ್ನೆಲುಬಿನ ಕೆಳಗೆ, ಆಳದಲ್ಲಿ, ನೀರು ತುಂಬಿದ ಚೀಲ ಒತ್ತಿದಂತಾಯಿತು. ರಕ್ತ ತೆಗೆದುಕೊಂಡು ಆಸ್ಪತ್ರೆಯ ಲ್ಯಾಬಿಗೆ ಹೋದೆ. ಯೂರಿಯಾ ಮತ್ತೆ ಸರಿಯಾಗಿಯೇ ಬಂತು. ಆ ಚೀಟಿ ಹಿಡಿದು ಭಂಕೂರಿನ ದಾರಿಯಲ್ಲಿ ನಡೆದು ಬರುತ್ತಿದ್ದೆ. ಎರಡೂ ಬದಿಯಲ್ಲಿ ಗಣಿಯ ಹೊಂಡಗಳು, ಮಳೆನೀರು ತುಂಬಿ ನಿಂತಿದ್ದವು. ಎಡ ಮೂತ್ರಪಿಂಡ ಹಾಳಾಗಿದ್ದರೆ ರಕ್ತ ಹೇಗೆ ಸರಿಯಿದೆ ಎಂದು ನನ್ನನ್ನೇ ಕೇಳಿಕೊಂಡೆ. ಕೇಳಿಕೊಂಡ ಕ್ಷಣವೇ ನಡಿಗೆ ನಿಂತಿತು. ಇದನ್ನು ತಿಳಿಯಲು ಪದವಿ ಬೇಕಿರಲಿಲ್ಲ. ಆಡಿಗೆ ಬಲ ಮೂತ್ರಪಿಂಡವಿತ್ತು. ಹನ್ನೊಂದು ಆಡುಗಳಿಗೂ ಇತ್ತು. ನಾವು ಹೆಪ್ಪುಗಟ್ಟಿಸಿದ್ದು ಸತ್ತರೂ ಬದುಕಿದರೂ ರಕ್ತವನ್ನು ತೊಳೆಯುತ್ತಿದ್ದದ್ದು ನಾವು ಮುಟ್ಟದೇ ಬಿಟ್ಟದ್ದು. ನಾನು ಸಹಿ ಮಾಡಿದ ಪುಟ ಹೊಗಳಿದ್ದು ಅದನ್ನೇ. ರಾವೂರಿನವನಿಗೆ ಅದು ಇರಲಿಲ್ಲ.

ಈಗ ತೆರೆದರೆ ಯೋಜನೆ ಮುರಿಯುತ್ತದೆ. ಮೂರು ತಿಂಗಳ ಸರಣಿಯಲ್ಲಿ ಒಂದನ್ನು ಮೊದಲೇ ಕೊಂದರೂ ಪರೀಕ್ಷಕರು ಇಡೀ ಸರಣಿಯನ್ನು ಪ್ರಶ್ನಿಸುತ್ತಾರೆ. ಹೊಸದಾಗಿ ಶುರುಮಾಡಲು ರಜೆ ಉಳಿದಿಲ್ಲ. ಸುಮ್ಮನಿದ್ದರೆ ಪದವಿ ಸಿಗುತ್ತದೆ. ಮಧ್ಯಾಹ್ನದವರೆಗೆ ಗೋದಾಮಿನ ಹೊಸ್ತಿಲಲ್ಲಿ ಕೂತಿದ್ದೆ. ಅಕ್ಕ ಎರಡು ಸಲ ಬಂದು ನೋಡಿ ಹೋದಳು. ಮೂರನೇ ಸಲ, "ಹೊಟ್ಟು ಹಾಕಲೇನ್ರಿ ಇದಕ್ಕ, ಬ್ಯಾಡೇನು?" ಎಂದು ಕೇಳಿದಳು.

"ಬ್ಯಾಡ. ನಾಳೆ ಸಂಜೆ ತೆರೀತೀನಿ," ಎಂದೆ.

ಮರುದಿನ ಹಗಲಿನ ಬೆಳಕು ಇರುವಾಗಲೇ, ಅಕ್ಕನನ್ನು ತಲೆಯ ಬಳಿ ನಿಲ್ಲಿಸಿಕೊಂಡು, ಆಡಿಗೆ ಪೂರ್ತಿ ಅರಿವಳಿಕೆ ಕೊಟ್ಟು ತೆರೆದೆ. ಎಡ ಮೂತ್ರಪಿಂಡದ ಸುತ್ತ ತೆಳು ಪೊರೆಯೊಳಗೆ ಹಳದಿ ನೀರಿನ ಚೀಲ; ತೂತು ಮಾಡಿದೊಡನೆ ಮೂತ್ರದ ವಾಸನೆ ಎದ್ದಿತು. ನಾವು ಹೆಪ್ಪುಗಟ್ಟಿಸಿದ್ದ ತುದಿ ಬೂದು ಬಣ್ಣಕ್ಕೆ ತಿರುಗಿ, ನೀರೊಡೆದ ಮೊಸರಿನಂತೆ ಮೆತ್ತಗಾಗಿತ್ತು. ಅದರ ನಡುವೆ ಒಂದು ತೂತು. ಮೇಲ್ಭಾಗ ಕೂಡ ಬಾಡಿ ಚಿಕ್ಕದಾಗಿತ್ತು. ಬಲಗಡೆಯದು ಮಾತ್ರ ಮಾಮೂಲಿಗಿಂತ ದೊಡ್ಡದಾಗಿ, ಹೊಳೆಯುತ್ತ, ಎರಡರ ಕೆಲಸ ಮಾಡುತ್ತಿತ್ತು. ಆಡನ್ನು ಎಚ್ಚರವಾಗಲು ಬಿಡಲಿಲ್ಲ.

ಎನಾಮಲ್ ತಟ್ಟೆಯಲ್ಲಿ ಎರಡೂ ಮೂತ್ರಪಿಂಡ ಇಟ್ಟು, ಒದ್ದೆ ಬಟ್ಟೆ ಮುಚ್ಚಿ, ಸರ್ಜನ್ ಅವರ ಕೋಣೆಗೆ ಒಯ್ದೆ. ಅವರು ಬಟ್ಟೆ ಸರಿಸಿದರು. ಆಮೇಲೆ ಬೆಳ್ಳಿಯ ಸಣ್ಣ ಕಡ್ಡಿಯೊಂದನ್ನು ತೆಗೆದು ಆ ಬೂದು ತೂತಿನೊಳಗೆ ಮೆಲ್ಲಗೆ ತೂರಿಸಿದರು. ಅದರ ತುದಿ ಮೂತ್ರನಾಳದ ಬಾಯಿಂದ ಹೊರಬಂತು.

"ಯಾವ ನಂಬರ್?"

"ಎಂಟು."

"ಯೂರಿಯಾ?"

"ನಾರ್ಮಲ್. ನಿನ್ನೆ ಮತ್ತ ತೆಗಸಿದ್ದೆ."

"ಹ್ಯಾಂಗ ನಾರ್ಮಲ್?"

"ಇನ್ನೊಂದು ಇತ್ತಲ್ಲ, ಸರ್."

ಅವರು ಕಡ್ಡಿಯನ್ನು ಕೆಳಗಿಟ್ಟರು. "ಇದು ಆ ಗಡಿಬಿಡಿ ದಿನದ್ದು," ಎಂದರು. "ಸೂಜಿ ಚುಚ್ಚಿದ್ದಿಲ್ಲ. ಆಳಕ್ಕ ಹೋಗ್ಯಾದ. ಉಳಿದವು ಹಿಂಗಿರಂಗಿಲ್ಲ."

"ಇರಲಿಕ್ಕಿಲ್ಲ. ಆದ್ರ ನಮಗ ಗೊತ್ತಿಲ್ಲ. ಸೂಜಿ ಚುಚ್ಚಿದ ಮೂರು ಆಡಿಂದು ಬಲ ಕಿಡ್ನಿ ತಗದು ನೋಡೂಣು. ಹೆಪ್ಪುಗಟ್ಟಿಸಿದ್ದರ ಮ್ಯಾಲೇ ಬದುಕಬೇಕು, ಅವನಂಗ."

"ನಿಮ್ಮ ಪ್ರಬಂಧ?"

"ನಾನು ಕೊಟ್ಟ ಪುಟ ಮೊದಲು ವಾಪಸ್ ಕೊಡ್ರಿ ಸರ್."

ಅವರು ಡ್ರಾಯರ್ ಎಳೆದು ಆ ಪುಟ ತೆಗೆದುಕೊಟ್ಟರು. ಕಮಿಟಿಗೆ ಇನ್ನೂ ಹೋಗಿರಲಿಲ್ಲ. ಅದನ್ನು ಮಡಚಿ ಜೇಬಿಗಿಟ್ಟುಕೊಂಡೆ.

ಮೂರು ಆಡುಗಳ ಬಲ ಮೂತ್ರಪಿಂಡ ತೆಗೆದೆವು. ನಾಲ್ಕನೇ ದಿನ ಒಂದು ಮೇವು ಬಿಟ್ಟಿತು. ಬಾಯಲ್ಲಿ ಮೂತ್ರದ ವಾಸನೆ. ಆರನೇ ದಿನ ಇನ್ನೊಂದು. ಎರಡೂ ಉಳಿಯಲಿಲ್ಲ. ಮೂರನೆಯದು ಬದುಕಿತು, ಆದರೆ ಏಕೆಂದು ನಮಗೆ ಹೇಳಲಾಗಲಿಲ್ಲ. ಚಳಿ ಎಲ್ಲಿ ನಿಲ್ಲುತ್ತದೆಂದು ನಮಗೆ ತಿಳಿಯದಿದ್ದ ಮೇಲೆ ಆ ಬದುಕಿಗೂ ಅರ್ಥವಿರಲಿಲ್ಲ. ಸರ್ಜನ್ ಗೋದಾಮಿಗೆ ಬಂದು, ಸತ್ತ ಎರಡನ್ನೂ ಸ್ವತಃ ತೆರೆದು ನೋಡಿದರು. ಕೈ ತೊಳೆಯುತ್ತ, "ನೈಟ್ರೋಜನ್ ಬಿಟ್ಟು ಬಿಡ್ರಿ," ಎಂದರು. ನಾಲ್ಕು ವರ್ಷದಿಂದ ಅವರು ಆ ಕನಸು ಹೊತ್ತು ತಿರುಗುತ್ತಿದ್ದರೆಂದು ನನಗೆ ಗೊತ್ತಿತ್ತು.

ಹಾಗಾದರೆ ರಾವೂರಿನವನಿಗೆ ಉಳಿದದ್ದು ಚಾಕು. ತುದಿ ಕತ್ತರಿಸಿ ಹೊಲಿಯಲು ರಕ್ತನಾಳವನ್ನು ಮುಕ್ಕಾಲು ಗಂಟೆಯಾದರೂ ಮುಚ್ಚಬೇಕು. ಅಷ್ಟು ಹೊತ್ತು ರಕ್ತವಿಲ್ಲದಿದ್ದರೆ ಮೂತ್ರಪಿಂಡ ಸಾಯುತ್ತದೆ. ಆದರೆ ಬರೀ ತಣ್ಣಗಿಟ್ಟರೆ, ಹೆಪ್ಪುಗಟ್ಟಿಸದೆ, ಅದು ಹಸಿವು ತಡೆದುಕೊಳ್ಳುತ್ತದೆಂದು ಇಬ್ಬರೂ ಓದಿದ್ದೆವು. ಹೊಸದಾಗಿ ಮೂರು ಆಡು ತರಿಸಿದೆವು. ರಬ್ಬರ್ ಚೀಲಗಳಲ್ಲಿ ಶುದ್ಧವಾದ ಉಪ್ಪುನೀರು ತುಂಬಿ, ಕುಲ್ಫಿ ಮಾಡುವವರ ಹಾಗೆ ಮಂಜುಗಡ್ಡೆ ಮತ್ತು ಉಪ್ಪಿನ ನಡುವೆ ಹೂತಿಟ್ಟು, ಅರೆಗಟ್ಟಿಯಾದ ಮೇಲೆ ಜಜ್ಜಿ ಪುಡಿ ಮಾಡಿಕೊಂಡೆವು. ಬಲ ಮೂತ್ರಪಿಂಡ ತೆಗೆದು, ಎಡದ ರಕ್ತನಾಳ ಹಿಡಿದು, ಆ ಪುಡಿಯಲ್ಲಿ ಮೂತ್ರಪಿಂಡ ಮುಚ್ಚಿ, ಕೆಳತುದಿ ಕತ್ತರಿಸಿ, ಹೊಲಿದೆವು. ಮೊದಲ ಆಡಿನಲ್ಲಿ ಹೊಲಿಗೆ ಹರಿದು ಮತ್ತೆ ಹಾಕಬೇಕಾಯಿತು. ವಾರ ಕಳೆದರೂ ಮೂರೂ ಮೇಯುತ್ತಿದ್ದವು, ಮತ್ತು ಈ ಸಲ ಅವುಗಳಿಗೆ ಬೇರೆ ಆಸರೆ ಇರಲಿಲ್ಲ.

ಅಷ್ಟರಲ್ಲಿ ಹದಿನೈದು ದಿನದ ಗಡುವು ದಾಟಿತ್ತು. ರೋಗಿಯ ಮೂತ್ರದಲ್ಲಿ ರಕ್ತ ಹೆಚ್ಚಾಗಿತ್ತು. ನಾನು ಅವನ ಮಂಚದ ಬಳಿ ಹೋಗಿ ಕೂತೆ.

"ಅವತ್ತು ಆಡು ಉಳದಾವ ಅಂದಿದ್ದೆ. ಅದು ಪೂರ್ತಿ ಖರೇ ಅಲ್ಲ," ಎಂದು ಎಲ್ಲವನ್ನೂ ಹೇಳಿದೆ. ಎರಡು ಗುರ್ದಾ, ಒಂದು ಗುರ್ದಾ, ಸತ್ತವು, ಉಳಿದವು.

ಅವನ ಹೆಂಡತಿ ಸಿಟ್ಟಾದಳು. "ಹಂಗಂದ್ರ ಅವತ್ತೇ ಬರ್ಫ್ ಹಚ್ಚಿದ್ರ ಏನಾಗ್ತಿತ್ತು?"

ಅವಳು ಗೋಡೆಯ ಕಡೆ ಮುಖ ತಿರುಗಿಸಿ ಕೂತಳು. ಅವನು ಮಾತ್ರ, "ಹೊಸ ಮೂರು ಎಷ್ಟು ದಿನದಿಂದ ಅದಾವ?" ಎಂದು ಕೇಳಿದ.

"ಒಂಬತ್ತು ದಿನ."

"ಎರಡನೇ ಗುರ್ದಾ ಇಲ್ದ?"

"ಇಲ್ದ."

"ಹಂಗಾದ್ರ ಮಾಡ್ರಿ," ಎಂದ. "ನೀವು ಒಳಗ ಇರ್ರಿ."

ಪಶುವೈದ್ಯನಿಗೆ ಅಲ್ಲಿ ಜಾಗವಿಲ್ಲ. ಆದರೂ ಸರ್ಜನ್ ನನಗೆ ಗಡಿಯಾರ ಕೊಟ್ಟು ಗೋಡೆಯ ಬಳಿ ನಿಲ್ಲಿಸಿದರು. ಕ್ಲಾಂಪ್ ಬಿದ್ದೊಡನೆ ನಾನು ನಿಮಿಷ ಎಣಿಸತೊಡಗಿದೆ. ಹತ್ತಕ್ಕೆ ಮಂಜಿನ ಪುಡಿ ಬದಲಿಸಿದರು. ಇಪ್ಪತ್ತಕ್ಕೆ ಗಡ್ಡೆಯಿದ್ದ ತುದಿ ತಟ್ಟೆಗೆ ಬಂತು. ಮೂವತ್ತಕ್ಕೆ ಹೊಲಿಗೆ ಅರ್ಧವಾಗಿತ್ತು. ನಲವತ್ತು ಎಂದಾಗ ನನ್ನ ಸ್ವರ ನನಗೇ ಗುರುತು ಸಿಗಲಿಲ್ಲ. ನಲವತ್ತಮೂರಕ್ಕೆ ಕ್ಲಾಂಪ್ ತೆಗೆದರು. ಬೂದಾಗಿದ್ದ ಮೂತ್ರಪಿಂಡ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಕೆಂಪಗಾಯಿತು. ಒಂದು ಕಡೆ ಮಾತ್ರ ರಕ್ತ ಜಿನುಗಿತು. ಸರ್ಜನ್ ಅಲ್ಲಿ ಬೆರಳೊತ್ತಿ ಹಿಡಿದು ನಿಂತರು, ಅದು ನಿಲ್ಲುವ ತನಕ.

ಮೊದಲ ದಿನ ಸೀಸೆಯಲ್ಲಿ ಏನೂ ಬರಲಿಲ್ಲ. ಎರಡನೇ ದಿನ ಬೆಳಿಗ್ಗೆ ತಳ ಮುಚ್ಚುವಷ್ಟು, ಚಹಾದ ಬಣ್ಣದ್ದು. ಅವನ ಹೆಂಡತಿ ಆ ಸೀಸೆಯ ಪಕ್ಕದಿಂದ ಏಳಲಿಲ್ಲ. ನಾನು ಬಂದರೂ ಮಾತಾಡಿಸುತ್ತಿರಲಿಲ್ಲ. ಮೂರನೇ ದಿನ ಸೀಸೆ ಅರ್ಧ ತುಂಬಿತು. ನಾಲ್ಕನೇ ದಿನ ನಾನು ವಾರ್ಡಿಗೆ ಬಂದಾಗ ಅವಳೇ ಎದ್ದು ಸರಿದು, "ಕುಂದ್ರಿ," ಎಂದಳು.

ಪ್ರಬಂಧವನ್ನು ನಡೆದದ್ದು ನಡೆದ ಹಾಗೆ ಬರೆದೆ. ಸರ್ಜನ್ ಪ್ರತಿ ಅಧ್ಯಾಯಕ್ಕೂ ಸಹಿ ಮಾಡಿದರು. ಪರೀಕ್ಷಕರು ಅದನ್ನು ಹಿಂತಿರುಗಿಸಿದರು: ಸರಣಿ ನಡುವೆ ಮುರಿದಿದೆ, ವಿಧಾನ ಬದಲಾಗಿದೆ, ಕೊನೆಯ ಗುಂಪಿನಲ್ಲಿ ಆಡುಗಳು ಸಾಲದು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕೊನೆಯ ಮೂರರಲ್ಲಿ ಎರಡನ್ನು ಆಗಲೇ ಕೊಂದು ಪರೀಕ್ಷಿಸಿದ್ದೆ; ಅದು ಅಗತ್ಯವಿತ್ತು. 'ದೀರ್ಘಕಾಲದ ನಿಗಾಕ್ಕೆ' ಎಂದು ಬರೆದು ಒಂದನ್ನು ಅಕ್ಕನ ಮನೆಗೆ ಕಳಿಸಿದ್ದೆ. ರಜೆ ಮುಗಿಯಿತು. ನಾನು ಪದವಿಯಿಲ್ಲದೆ ಚಿಂಚೋಳಿ ತಾಲೂಕಿಗೆ ಮರಳಿ, ನನಗಿಂತ ಕಿರಿಯರಾದವರ ಕೈಕೆಳಗೆ ಕೆಲಸಕ್ಕೆ ಹಾಜರಾದೆ.

ಮುಂದಿನ ವರ್ಷ ಸರ್ಜನ್ ಅವರಿಂದ ಕಾರ್ಡು ಬಂತು. ರಾವೂರಿನವನು ತಪಾಸಣೆಗೆ ಬಂದಿದ್ದ, ಚೆನ್ನಾಗಿದ್ದಾನೆ, ಗಣಿ ಬಿಟ್ಟು ಹೊಲದ ಕೆಲಸ ಮಾಡುತ್ತಾನೆ. ಕೆಳಗೆ ಇನ್ನೊಂದು ಸಾಲು: ಭಂಕೂರಿನ ಆಡು ಗಬ್ಬವಾಗಿತ್ತಂತೆ, ಎರಡು ಮರಿ ಹಾಕಿದೆಯಂತೆ, ಬನ್ನಿ.

ಭಾನುವಾರ ಇಬ್ಬರೂ ಭಂಕೂರಿಗೆ ಹೋದೆವು. ಅಕ್ಕನ ಅಂಗಳದಲ್ಲಿ ಆಡು ನಿಂತಿತ್ತು. ಎರಡು ಮರಿಗಳು ಅದರ ಕೆಚ್ಚಲಿಗೆ ತಲೆ ಗುದ್ದುತ್ತಿದ್ದವು. ಒಂದು ಮೂತ್ರಪಿಂಡವೂ ಪೂರ್ತಿಯಿಲ್ಲದ ಪ್ರಾಣಿ ಮೂರು ಜೀವಗಳ ರಕ್ತವನ್ನು ತೊಳೆದಿತ್ತು. ಸರ್ಜನ್ ಬಹಳ ಹೊತ್ತು ನೋಡಿದರು. ಆಮೇಲೆ ಚೀಲದಿಂದ ಸಿರಿಂಜ್ ತೆಗೆದು, ಪ್ಯಾಂಟು ಮೇಲೆಳೆದುಕೊಂಡು ಆಡಿನ ಪಕ್ಕ ಕುಕ್ಕರಗಾಲಲ್ಲಿ ಕೂತರು.

"ಒಂದೀಟು ರಕ್ತ ತಗೋತೀನಿ. ಯೂರಿಯಾ ನೋಡಬೇಕು."

ಅಕ್ಕ ಬಂದು ಅವರ ಮತ್ತು ಆಡಿನ ನಡುವೆ ನಿಂತಳು. ದೊಡ್ಡ ಡಾಕ್ಟರ ಎದುರು ಅವಳು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಸಾಕ್ರಿ ಸಾಹೇಬ್ರ," ಎಂದಳು. "ಇದರದು ಬರಕೊಂಡಿದ್ದು ಆತು."

ಸರ್ಜನ್ ಅವಳ ಮುಖ ನೋಡಿದರು, ನನ್ನನ್ನು ನೋಡಿದರು. ಸಿರಿಂಜನ್ನು ಚೀಲದೊಳಗಿಟ್ಟು, ಕೂತಲ್ಲೇ ಕೈ ಚಾಚಿ ಒಂದು ಮರಿಯ ಬೆನ್ನು ಸವರಿದರು.